ಕೈಬಿಟ್ಟ ಸಾಲು

ಪಂಚಾಕ್ಷರಯ್ಯನವರ ಆಶ್ರಮ ನದಿಯ ದಂಡೆಯಲ್ಲೇ ಇತ್ತು. ಧ್ಯಾನ ಕಲಿಯಲು ಬರುವವರಿದ್ದರು, ಕಂಪ್ಯೂಟರ್ ಕಲಿಯಲು ಬರುವವರೂ ಇದ್ದರು. ಅಯ್ಯನವರು ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಕಲಿಸುತ್ತಿದ್ದರು.

ದಾನಮ್ಮ ಕಂಪ್ಯೂಟರ್ ಕಲಿಯಲು ಬಂದವಳು. ದೋಣಿ ಕಡವಿನಲ್ಲಿ ನದಿಯ ಆಳವನ್ನು ಕಂಪ್ಯೂಟರ್ ಲೆಕ್ಕದಿಂದ ಅಂಕಿಯಲ್ಲಿ ತೋರಿಸುವ ಹಲಗೆಯೊಂದನ್ನು ಅವಳೇ ಮಾಡಿ ನಿಲ್ಲಿಸಿದ್ದಳು. ಎಂಟು ಅಡಿ ದಾಟಿದರೆ ಅಂಬಿಗ ಮೌಲಾಸಾಬ ದೋಣಿ ಬಿಡುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹಲಗೆ ಐದು ಅಡಿ ಎಂದಿತು. ನದಿಯಲ್ಲಿದ್ದದ್ದು ಹನ್ನೊಂದು.

ನೀರು ಕೆಂಪಾಗಿದ್ದರೂ ಮೌಲಾಸಾಬ ಹಲಗೆಯನ್ನು ನಂಬಿದ. ಸೆಳವು ದೋಣಿಯನ್ನು ಬಂಡೆಗೆ ಬಡಿಯಿತು. ದೋಣಿಯಲ್ಲಿದ್ದ ನಾಲ್ವರೂ ಹೇಗೋ ದಡ ಸೇರಿದರು.

ದಾನಮ್ಮ ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ತಪ್ಪು ಸಿಕ್ಕಿತು. ಅಯ್ಯನವರ ಮುಂದೆ ಬಂದು ನಿಂತಳು.

"ಎರಡು ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದೆ, ಅಯ್ಯನವರೇ. ಒಂದು, ತನ್ನ ಕಸ ತಾನೇ ಗುಡಿಸಿಕೊಳ್ಳುವ ಭಾಷೆ; ಬೇಡವಾದದ್ದನ್ನು ಅದರೊಳಗಿನ ಗುಡಿಸುವವನು ಮೆಮೊರಿಯಿಂದ ತೆಗೆದುಹಾಕುತ್ತಾನೆ. ಅದರಲ್ಲಿ ನದಿಯ ಅಂಕಿಗಳನ್ನು ಸಾಲಾಗಿ ಜೋಡಿಸಿದೆ. ಹಲಗೆ ನಡೆಸುವುದು ಸಿ ಭಾಷೆ. ಸಾಲು ಮೆಮೊರಿಯಲ್ಲಿ ಎಲ್ಲಿದೆ ಅಂತ ಸಿ-ಗೆ ವಿಳಾಸ ಕೊಟ್ಟೆ."

"ಆಮೇಲೆ?"

"ಯಾರಿಗೂ ಬೇಡದ ಸಾಲು ಅಂತ ಗುಡಿಸುವವನು ಅದನ್ನು ಗುಡಿಸಿಬಿಟ್ಟ. ಆ ಜಾಗಕ್ಕೆ ಬೇರೆ ಯಾವುದೋ ಅಂಕಿ ಬಂತು. ಸಿ ಅದೇ ವಿಳಾಸಕ್ಕೆ ಹೋಗಿ, ಇದ್ದದ್ದನ್ನು ಓದಿತು."

"ಈಗೇನು ಮಾಡುತ್ತೀ?"

"ಗುಡಿಸುವುದನ್ನೇ ನಿಲ್ಲಿಸಿಬಿಡುತ್ತೇನೆ."

"ಗುಡಿಸದೆ ಬಿಟ್ಟರೆ ಹಬ್ಬದ ಹೊತ್ತಿಗೆ ಮನೆಯೊಳಗೆ ಕಾಲಿಡೋಕಾದರೂ ಜಾಗ ಇರುತ್ತದೋ?" ಎಂದು ಅಯ್ಯನವರು ನಕ್ಕರು. "ಬಾ ತಾಯೀ, ಮೌಲಾಸಾಬನಿಗೆ ಒಂದು ಕೈ ಬೇಕಂತೆ."

ಕಡವಿನಲ್ಲಿ ಮೌಲಾಸಾಬ ನೀರಲ್ಲಿ ತೇಲುತ್ತಿದ್ದ ದೋಣಿಯೊಳಗೆ ಕೂತು ಅದರ ಒಡೆದ ಅಂಚಿಗೆ ಮೊಳೆ ಹೊಡೆಯುತ್ತಿದ್ದ. ದೋಣಿ ಕಟ್ಟುವ ಗೂಟ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಅಯ್ಯನವರು ದೋಣಿಯ ಹಗ್ಗವನ್ನು ದಾನಮ್ಮನ ಕೈಗೆ ಕೊಟ್ಟರು.

ಬಿಸಿಲು ನೆತ್ತಿಗೇರಿತು. ಆಶ್ರಮದಲ್ಲಿ ಊಟದ ಗಂಟೆ ಹೊಡೆಯಿತು.

"ನಿನ್ನ ಪಾಲಿನ ಕೆಲಸ ಆಯಿತು. ಹಗ್ಗ ಬಿಟ್ಟು ಬಾ, ಉಣ್ಣೋಣ," ಎಂದರು ಅಯ್ಯನವರು.

"ಅಯ್ಯೋ, ಮೌಲಾಸಾಬಣ್ಣ ಇನ್ನೂ ಒಳಗಿದ್ದಾನಲ್ಲ!"

"ಅವನು ಇಳಿದದ್ದು ನಿನಗೆ ಹೇಗೆ ಗೊತ್ತಾಗಬೇಕು?"

"ಅವನೇ ಹೇಳಬೇಕು…"

ದಾನಮ್ಮ ಕೈಯಲ್ಲಿದ್ದ ಹಗ್ಗವನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ವಿಳಾಸ ಕೊಟ್ಟ ಕೂಡಲೇ ನಾನು ಸಾಲನ್ನು ಕೈಬಿಟ್ಟೆ, ಅಯ್ಯನವರೇ. ಸಿ ಇನ್ನೂ ಓದುತ್ತಿತ್ತು. ಗುಡಿಸುವವನ ತಪ್ಪೇನಿತ್ತು? ನಾನು ಹಿಡಿದುಕೊಂಡಿದ್ದರೆ ಅವನು ಮುಟ್ಟುತ್ತಲೇ ಇರಲಿಲ್ಲ."

ಅವಳು ಹಾಗೇ ಯೋಚನೆಯಲ್ಲಿ ಮುಳುಗಿದಳು. ಮೌಲಾಸಾಬ "ಮುಗೀತವ್ವಾ" ಎಂದು ಇಳಿದ, ದೋಣಿಯನ್ನು ಮರಳಿನ ಮೇಲೆ ಎಳೆದ, ಕೈಕಾಲು ತೊಳೆದುಕೊಂಡ. ಅವಳ ಕೈಯಲ್ಲಿ ಹಗ್ಗ ಹಾಗೇ ಇತ್ತು.

"ಇನ್ನೂ ಯಾಕೆ ಹಿಡಿದಿದ್ದೀ, ಹುಚ್ಚಿ?" ಎಂದು ಅಯ್ಯನವರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಅವತ್ತೇ ಅವಳು ತಿದ್ದಿ ಬರೆದಳು. ಸಿ 'ಓದಿ ಆಯಿತು' ಅನ್ನುವ ತನಕ ಸಾಲನ್ನು ಹಿಡಿದಿರುವುದು, ಹಾಗೆ ಅಂದ ಕೂಡಲೇ ತಡಮಾಡದೆ ಬಿಡುವುದು. ಹತ್ತು ದಿನ ಬಿದಿರ ಕೋಲು ಹಿಡಿದು ನದಿಗಿಳಿದು ಆಳ ಅಳೆದಳು. ಹಲಗೆ ಒಮ್ಮೆಯೂ ತಪ್ಪಲಿಲ್ಲ.

ಆದರೂ ಹನ್ನೊಂದನೆಯ ದಿನ ದೋಣಿ ಹತ್ತಲು ಯಾರೂ ಮುಂದೆ ಬರಲಿಲ್ಲ. ಹಲಗೆ ಆರು ಅಡಿ ಎಂದು ತೋರಿಸುತ್ತಿತ್ತು. ಜನ ಅದನ್ನು ನೋಡುವರು, ನೀರನ್ನು ನೋಡುವರು, ಹಿಂದೆ ಸರಿಯುವರು. ದಾನಮ್ಮ ತಲೆ ತಗ್ಗಿಸಿದಳು.

ಅಯ್ಯನವರು ಪಂಚೆ ಎತ್ತಿ ಕಟ್ಟಿಕೊಂಡು ದೋಣಿ ಹತ್ತಿ ಕೂತರು.

ಮೌಲಾಸಾಬ ಗಾಬರಿಯಾದ. "ಅಯ್ಯಾರೇ, ನಿಮಗೆ ಈಜು ಬರುತ್ತದೇನು?"

"ಇಲ್ಲಪ್ಪ. ದಾನಮ್ಮನಿಗೆ ಕೆಲಸ ಬರುತ್ತದೆ."