ಬಾಗಿಲಿಗೆ ಅಡ್ಡ ನಿಂತ ಮೀಸೆ

"ತಾಯಿ, ಅರಮನೆಗೆ ದಾರಿ ಯಾವುದು? ಈ ಮೀಸೆಯನ್ನು ಈಗಷ್ಟೇ ದಾಟಿ ಹೋದೆ, ಮತ್ತೆ ಇದೇ ಮೀಸೆ ಎದುರಾಯ್ತು!"

ಕೇಳಿದವಳು ತುಂಗಕ್ಕ. ದೇಶ ಸುತ್ತಿ ಕೆಂಚನದುರ್ಗದ ಆಸ್ಥಾನಕ್ಕೆ ಸುದ್ದಿ ತರುವುದು ಅವಳ ಕೆಲಸ. ಮೂರು ವರ್ಷದ ಮೇಲೆ ಊರಿಗೆ ಬಂದರೆ ಮನೆಮನೆಯ ಮುಂಗೋಡೆಯ ಮೇಲೂ ಜಡೆಪ್ಪನಾಯಕ ಪ್ರಭುವಿನ ಚಿತ್ರ. ಗುರುತು ಹಿಡಿಯಲು ಒಂದು ಗೋಡೆಯೂ ಉಳಿದಿರಲಿಲ್ಲ.

ಉತ್ತರ ಮೇಲಿನಿಂದ ಬಂತು. ಹುಲ್ಲಿನ ಸೂರಿನಲ್ಲಿದ್ದ ಕಂಡಿಯಿಂದ ಬಾಳವ್ವ ಎಂಬ ಹೆಂಗಸು ಏಣಿ ಹಿಡಿದು ಇಳಿದಳು.

"ಬಾಗಿಲಿಲ್ಲವೇ ನಿನಗೆ?"

"ಇದೆ. ಪ್ರಭುಗಳ ಗಡ್ಡದ ಹಿಂದಿದೆ. ಅರಮನೆಯ ಆಳುಗಳು ಬಂದು ಈ ಆನೆಗಾತ್ರದ ಹಲಗೆ ಜಡಿದು ಹೋದರು. ಸರಿಸೋ ಹಾಗಿಲ್ಲ. 'ಚಿತ್ರವೆಂದರೆ ಸಾಕ್ಷಾತ್ ನಾವೇ, ಮುಟ್ಟಿದವರ ತಲೆ ತೆಗೆಯುತ್ತೇವೆ' ಅಂತ ಡಂಗುರ. ನಾನು ಹೇಗೋ ಹತ್ತಿ ಇಳೀತೀನಿ. ಒಳಗೆ ರಂಭೆ ಇದಾಳಲ್ಲ!"

"ಮಗಳಾ?"

"ಎಮ್ಮೆ. ಇವತ್ತೋ ನಾಳೆಯೋ ಈಯ್ತಾಳೆ. ಆ ಇಕ್ಕಟ್ಟಿನಲ್ಲಿ ಮಗ್ಗುಲು ತಿರುಗಿಸೋಕೂ ಜಾಗ ಇಲ್ಲ. ತಾಯಿ ಕರು ಎರಡೂ ಉಳಿಯಲ್ಲ ಕಣಕ್ಕ."

ಅಳುತ್ತಲೇ ಬಾಳವ್ವ ಬೆಲ್ಲ ಕೊಟ್ಟಳು, ನೀರು ಕೊಟ್ಟಳು, ದಾರಿಯನ್ನೂ ತೋರಿಸಿದಳು.

"ನಿನ್ನ ಬೆಲ್ಲದ ಋಣ ಇಟ್ಟುಕೊಳ್ಳಲ್ಲ," ಎಂದು ತುಂಗಕ್ಕ ಹೊರಟಳು.

ಆಸ್ಥಾನದಲ್ಲಿ ಪ್ರಭು ಇನ್ನೂ ಒಂದು ಚಿತ್ರಕ್ಕೆ ಕೂತಿದ್ದ. "ಬಾ ತುಂಗಕ್ಕ! ಯಾವ ದೇಶದ ಸುದ್ದಿ?"

"ನಿಮ್ಮೂರಿನದೇ ಪ್ರಭು. ಒಂಟಿ ಹೆಂಗಸಿನ ಬಾಗಿಲಿಗೆ ಒಬ್ಬ ಗಂಡಸು ಅಡ್ಡ ನಿಂತಿದ್ದಾನೆ. ಒಳಗಿನ ಬಸುರಿಯನ್ನು ಹೊರಗೆ ಬಿಡುತ್ತಿಲ್ಲ."

"ನಮ್ಮ ರಾಜ್ಯದಲ್ಲಿ! ಏನಂತಾನೆ ಅವನು?"

"ಏನೂ ಅನ್ನಲ್ಲ. ಮೀಸೆ ತಿರುವಿಕೊಂಡು ನಗುತ್ತಾನೆ."

"ಕುಡಿದಿದ್ದಾನಾ?"

"ಗೊತ್ತಿಲ್ಲ ಪ್ರಭು. ಹತ್ತಿರ ಹೋದರೆ ಎಣ್ಣೆ ವಾಸನೆ."

"ದಳವಾಯಿ! ಆ ನೀಚನನ್ನು ಕಾಲು ಹಿಡಿದು ಎಳೆದು ಬೀದಿಗೆ ಬಿಸಾಕು!"

"ಯಾರೇ ಆಗಿದ್ದರೂ?"

"ನಮ್ಮಪ್ಪನೇ ಆಗಿದ್ದರೂ!"

"ಹತ್ತಿರ ಬಂದ್ರಿ ಪ್ರಭು," ಎಂದು ತುಂಗಕ್ಕ ದಳವಾಯಿಗೆ ಮನೆಯ ಗುರುತು ಹೇಳಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

ಎಲೆ ಕೆಂಪಾಗುವಷ್ಟರಲ್ಲಿ ದಳವಾಯಿ ಬೆವರುತ್ತಾ ಮರಳಿದ. "ಪ್ರಭು, ಎಳೆಯೋಣವೆಂದರೆ ಅವರಿಗೆ ಕಾಲೇ ಇಲ್ಲ."

"ಕುಂಟನೇ?"

"ಅಲ್ಲ, ಸೊಂಟದಿಂದ ಕೆಳಗೆ ಏನೂ ಇಲ್ಲ. ಸೊಂಟದಿಂದ ಮೇಲೆ... ತಾವಿದ್ದೀರಿ."

ಪ್ರಭು ಕುಂಚದವನನ್ನು ತಳ್ಳಿ ಎದ್ದ. "ಮುಠ್ಠಾಳ! ಅದು ನಾನೇನಯ್ಯಾ? ಬರೀ ಬಣ್ಣ ಬಳಿದ ಹಲಗೆ! ಕಿತ್ತು ಬಿಸಾಕೋಕೆ ಏನು ದಾಡಿ?"

ತುಂಗಕ್ಕ ಕೈ ಮುಗಿದಳು. "ಈ ಮಾತು ಬಾಳವ್ವ ಆಡಿದ್ದರೆ ತಲೆ ಹೋಗುತ್ತಿತ್ತು. ನೀವೇ ಆಡಿದಿರಿ, ರಂಭೆ ಬದುಕಿದಳು."

ಪ್ರಭುವಿನ ಕಣ್ಣರಳಿತು. "ರಂಭೆ? ಯಾರವಳು?"

"ಎಮ್ಮೆ, ಪ್ರಭು."

ಮೊದಲು ದಳವಾಯಿಯ ಮೂಗಿನಿಂದ ನಗು ಸಿಡಿಯಿತು. ಪ್ರಭು ಅವನನ್ನು ಗುರಾಯಿಸಿದ. ಆಮೇಲೆ ಗುರಾಯಿಸಲಾಗದೆ ಹೊಟ್ಟೆ ಹಿಡಿದುಕೊಂಡು ತಾನೂ ನಕ್ಕ. "ಡಂಗುರ ಸಾರಿಸು. ಅವರವರ ಗೋಡೆಗೆ ಅವರವರ ಇಷ್ಟ. ತುಂಗಕ್ಕ, ನಿನಗೇನು ಬೇಕು ಕೇಳು."

"ಆ ಹಲಗೆ ಕೊಡಿ. ಎಲ್ಲಿ ತೂಗು ಹಾಕಬೇಕೋ ನನಗೆ ಗೊತ್ತು."

ಸಂಜೆ ಆಳುಗಳು ಹಲಗೆ ಕಿತ್ತರು. ರಂಭೆ ಹೊರಗೆ ಬಂದು, ಪ್ರಭುಗಳ ಮೂಗು ಒಮ್ಮೆ ನೆಕ್ಕಿ, ಬೇವಿನ ಮರದ ಕೆಳಗೆ ನೆಮ್ಮದಿಯಾಗಿ ಕರು ಹಾಕಿದಳು. ಅದೇ ಹಲಗೆಯನ್ನು ತುಂಗಕ್ಕ ಸೂರಿಗೆ ಏರಿಸಿ ಕಂಡಿಗೆ ಮುಚ್ಚಿಸಿದಳು.

"ಮುಖ ಕೆಳಕ್ಕಿರಬೇಕಾ, ಮೇಲಕ್ಕಾ?"

"ಕೆಳಕ್ಕಿದ್ದರೆ ನಾನು ಸೀರೆ ಉಡೋದು ಹೇಗೆ?" ಎಂದಳು ಬಾಳವ್ವ. "ಮೇಲಕ್ಕೇ ಇರಲಿ. ಕಾಗೆಗಳಿಗೂ ಒಬ್ಬ ರಾಜ ಬೇಕಲ್ಲ."

"ಬೆಲ್ಲದ ಋಣ ತೀರಿತೇ?"

ಬಾಳವ್ವ ಒಂದು ಕೊಡ ನೀರು ಪ್ರಭುಗಳ ತಲೆಯ ಮೇಲೆ ಸುರಿದು, ಒಳಗೆ ಹೋಗಿ ಕತ್ತೆತ್ತಿ ನೋಡಿದಳು. ಒಂದು ಹನಿಯೂ ಇಳಿಯಲಿಲ್ಲ.

"ತೀರಿತು ಕಣಕ್ಕ," ಎಂದು ಕೂಗಿದಳು, ಬಾಗಿಲಿನಿಂದಲೇ.