ಅಧ್ಯಕ್ಷರ ಫ್ಯಾನು, ಹೊನ್ನಯ್ಯನ ಮಾತು

“ಗುರುಗಳೇ, ಇದ್ದ ಪ್ರತಿಭೆ ಕೆಟ್ಟುಹೋದರೆ ತಪ್ಪು ಯಾರದು? ಕಲಿಸಿದವರದೋ, ಕಲಿತವರದೋ?” ಎಂದು ಶಿಷ್ಯ ಕೇಳಿದ. ಉತ್ತರ ಈ ಎರಡರಲ್ಲಿ ಒಂದು ಎಂದು ಅವನಿಗೆ ಖಾತ್ರಿಯಿತ್ತು.

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಸಮುದಾಯ ಭವನ. ಅದರ ಅಧ್ಯಕ್ಷ ಒಬ್ಬ ವ್ಯಾಪಾರಿ. ಅವನು ಭವನಕ್ಕೆ ಎಂಟು ಫ್ಯಾನು ಕೊಟ್ಟು, ಒಂದೊಂದರ ಮೂರೂ ರೆಕ್ಕೆಗಳ ಮೇಲೆ ತನ್ನ ಹೆಸರು ಬರೆಸಿದ್ದ. ತಿರುಗುವ ಫ್ಯಾನಿನ ಮೇಲೆ ಹೆಸರು ಓದಲಾಗದು. ಆದ್ದರಿಂದ ಅವನು ಬರುವ ಸಭೆಗಳಲ್ಲಿ ಫ್ಯಾನು ಹಾಕುತ್ತಿರಲಿಲ್ಲ. ಹಾಕಬೇಡಿ ಎಂದು ಅವನೇನೂ ಹೇಳಿರಲಿಲ್ಲ. ಹೇಳುವ ಮೊದಲೇ ಆರಿಸುವ ಜನ ಊರಿನಲ್ಲಿದ್ದರು.

ಅಲ್ಲಿ ನಿವೃತ್ತ ಮೇಷ್ಟರೊಬ್ಬರು ಭಾನುವಾರಗಳಲ್ಲಿ ಮಕ್ಕಳಿಗೆ ಮಾತು ಕಲಿಸುತ್ತಿದ್ದರು. ಒಮ್ಮೆ ಭಾಷಣ ಸ್ಪರ್ಧೆ ನಡೆಯಿತು. ಅಧ್ಯಕ್ಷ ಬರುವುದು ತಡವಾಗಿತ್ತು, ಫ್ಯಾನುಗಳು ಮಾತ್ರ ಮೊದಲೇ ನಿಂತಿದ್ದವು. ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬಾಯಿಪಾಠ ಮಾಡಿದ್ದನ್ನು ಮರೆತು ಮೇಲೆ ನೋಡಿದಳು. ಬೆವರು ಒರೆಸಿಕೊಂಡು, “ಅಧ್ಯಕ್ಷರು ನಮಗೆ ಫ್ಯಾನು ಕೊಟ್ಟಿದ್ದಾರೆ. ಗಾಳಿ ಮಾತ್ರ ತಮ್ಮ ಹತ್ತಿರವೇ ಇಟ್ಟುಕೊಂಡಿದ್ದಾರೆ” ಎಂದಳು. ಸಭೆ ಬಿದ್ದು ಬಿದ್ದು ನಕ್ಕಿತು.

“ಮುಂದೆ?” ಎಂದ ಶಿಷ್ಯ.

ಮೇಷ್ಟರು ಅವಳನ್ನು ಕರೆದು ಮೂರು ವರ್ಷ ತಿದ್ದಿದರು. ಜನಕ್ಕಿಂತ ಮೊದಲು ನೀನು ನಗಬೇಡ ಎಂದರು. ಅವರ ನಗು ಇಳಿಯುವವರೆಗೆ ಬಾಯಿ ತೆರೆಯಬೇಡ ಎಂದರು. ಚಾಪೆಯ ಮೇಲೆ ಕೂತವರ ತಂಟೆಗೆ ಹೋಗಬೇಡ, ಕುರ್ಚಿಯ ಮೇಲೆ ಕೂತವರನ್ನು ಹಿಡಿ ಎಂದೂ ಹೇಳಿದರು. ಹುಡುಗಿ ಎಲ್ಲವನ್ನೂ ಕಲಿತಳು. ಅವರು ಹೇಳಿಕೊಡದೆ ಇದ್ದದ್ದನ್ನೂ ಕಲಿತಳು.

ವಾರ್ಷಿಕೋತ್ಸವ ಬಂತು. ಹುಡುಗಿಯ ಹಾಸ್ಯ, ಆಮೇಲೆ ಮೇಷ್ಟರಿಗೆ ಸನ್ಮಾನ. ಫ್ಯಾನಿನ ಮಾತನ್ನು ಈ ಸಲ ಅಧ್ಯಕ್ಷನ ಎದುರಿಗೇ ಹೇಳಬೇಕೆಂದು ಇಬ್ಬರೂ ತಯಾರಾಗಿದ್ದರು. ಅಧ್ಯಕ್ಷನಿಗೆ ಸುದ್ದಿ ಮುಟ್ಟಿತು. ಅವನು ಸಿಟ್ಟಾಗಲಿಲ್ಲ. “ಮೇಷ್ಟ್ರೇ, ಭಾನುವಾರ ನಿಮಗೆ ಈ ಭವನ ಮುಂದೆಯೂ ಬೇಕಲ್ಲವೇ? ಫ್ಯಾನು ಬಿಡಿ. ನಮ್ಮ ಕಾವಲುಗಾರ ಹೊನ್ನಯ್ಯ ಉಗ್ಗುತ್ತಾನಲ್ಲ, ಅದನ್ನು ಮಾಡಿಸಿ. ಜನ ನಗುತ್ತಾರೆ” ಎಂದ.

ಮೇಷ್ಟರು ಹುಡುಗಿಗೆ ಹೇಳಿದರು.

“ಚಾಪೆಯವರ ತಂಟೆ ಬೇಡ ಅಂತ ನೀವೇ ಅಲ್ವಾ ಹೇಳಿದ್ದು, ಮೇಷ್ಟ್ರೇ?”

“ಹೇಳಿದ್ದೆ ಕಣಮ್ಮ. ಇವತ್ತೊಂದು ದಿನ. ಹೊನ್ನಯ್ಯ ನಮ್ಮವನೇ, ಏನೂ ಅಂದ್ಕೊಳ್ಳಲ್ಲ.”

“ಅವರನ್ನ ಕೇಳಿದ್ರಾ?”

ಮೇಷ್ಟರು ಗಡಿಯಾರ ನೋಡಿಕೊಂಡರು.

ಹುಡುಗಿ ವೇದಿಕೆ ಹತ್ತಿದಳು. ಹೊನ್ನಯ್ಯನ ಹಾಗೆ ಕೋಲು ಹಿಡಿದು ನಿಂತಳು. ಭವನಕ್ಕೆ ಕಳ್ಳ ನುಗ್ಗಿದ್ದಾನೆ. ಹೊನ್ನಯ್ಯ ‘ಕ, ಕ, ಕ’ ಎನ್ನುತ್ತ ಬೆನ್ನು ಹತ್ತಿದ್ದಾನೆ. ಅವನು ‘ಕಳ್ಳ’ ಎಂದು ಮುಗಿಸುವಷ್ಟರಲ್ಲಿ ಕಳ್ಳ ಮನೆ ಸೇರಿ, ಉಂಡು, ಕೈ ತೊಳೆದು, ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಶಿಷ್ಯ ಗೊಳ್ಳೆಂದು ನಕ್ಕ. ಗುರುಗಳು ಅವನ ನಗು ಇಳಿಯುವವರೆಗೆ ಕಾದರು.

ಸಭೆಯೂ ನಕ್ಕಿತು. ಅಧ್ಯಕ್ಷ ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಗಿಲ ಬಳಿ ನಿಂತಿದ್ದ ಹೊನ್ನಯ್ಯನೂ ನಕ್ಕ. ನಗದೆ ಇರುವ ಹಕ್ಕು ಅವನ ಕೆಲಸದಲ್ಲಿ ಇರಲಿಲ್ಲ. ಅದಾದ ಮೇಲೆ ಮೇಷ್ಟರಿಗೆ ಶಾಲು ಹೊದಿಸಿದರು. ನಾಚಿಕೆಯಾಗಬೇಕಿದ್ದ ಕಡೆ ಚಪ್ಪಾಳೆ ಬಿತ್ತು.

ಮಾರನೆಯ ದಿನದಿಂದ ಬೀದಿಯ ಮಕ್ಕಳು ‘ಕ, ಕ’ ಎಂದು ಹೊನ್ನಯ್ಯನ ಹಿಂದೆ ಬಿದ್ದರು. ಅವನು ಮಾತು ಬಿಟ್ಟು ಕೈಸನ್ನೆ ಹಿಡಿದ. ಹುಡುಗಿಗೆ ಸುತ್ತಲ ಊರುಗಳಿಂದ ಕರೆ ಬಂದವು. ಅವಳು ತಾನೇ ಕಟ್ಟಿದ ಹೊಸದನ್ನು ಶುರು ಮಾಡಿದರೆ ಜನ “ಉಗ್ಗನದು ಮಾಡಮ್ಮ” ಎಂದು ಕೂಗುತ್ತಿದ್ದರು. ಅವಳು ಮಾಡುತ್ತಿದ್ದಳು. ಇಪ್ಪತ್ತು ತುಂಬುವ ಹೊತ್ತಿಗೆ ಅವಳ ಬಳಿ ಇದ್ದದ್ದು ಅದೊಂದೇ. ಹೊಸದನ್ನು ಕಟ್ಟುವುದನ್ನು ಅವಳು ಬಿಟ್ಟಿದ್ದಳು.

ಕತೆ ಮುಗಿಯಿತು. ಶಿಷ್ಯನಿಗೆ ಸಿಟ್ಟು ಬಂದಿತ್ತು.

“ಛೇ! ಮೇಷ್ಟರದೇ ತಪ್ಪು. ತಾವೇ ಬೆಳೆಸಿದ್ದನ್ನು ತಾವೇ ಚಿವುಟಿದರು. ಆ ಹುಡುಗಿಯಾದರೂ ಆಗುವುದಿಲ್ಲ ಎನ್ನಬಾರದಿತ್ತೇ? ಇಬ್ಬರಲ್ಲಿ ಯಾರ ಪಾಲು ಹೆಚ್ಚು, ಗುರುಗಳೇ?”

“ಅದಿರಲಿ, ಈ ಕತೆಯಲ್ಲಿ ನೀನು ನಕ್ಕದ್ದು ಎಲ್ಲಿ?”