ಐದು ಊರುಗಳ ಪಾದ್ರಿ

“ಗುರುಗಳೇ, ಇನ್ನೊಂದು ಮಠವನ್ನೂ ನಾನೇ ವಹಿಸಿಕೊಳ್ಳಬೇಕೆಂದು ಭಕ್ತರು ಕೇಳುತ್ತಿದ್ದಾರೆ. ಒಪ್ಪಿಕೊಳ್ಳಲೇ?” ಎಂದು ಮುರುಘೇಂದ್ರ ಕೇಳಿದ. ಮೊದಲನೆಯ ಮಠ ಅವನ ಕೈಗೆ ಬಂದು ಎರಡು ವರ್ಷವಾಗಿತ್ತು. ಸಭೆ, ಪ್ರವಚನ ಎಂದು ಅವನು ಹೆಚ್ಚಿನ ದಿನ ಮಠ ಬಿಟ್ಟು ಪಟ್ಟಣದಲ್ಲೇ ಇರುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಐನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ಪಾದ್ರಿಯಿದ್ದ. ಓದಿನಲ್ಲಿ ಜಾಣ, ಬರವಣಿಗೆಯಲ್ಲಿ ಚುರುಕು. ಅರಸ ಅವನನ್ನು ಪತ್ರ ಬರೆಯಲು ಆಸ್ಥಾನದಲ್ಲಿ ಇಟ್ಟುಕೊಂಡ. ಆಗಿನ ಅರಸರು ಇಂಥವರಿಗೆ ಸಂಬಳದ ಬದಲು ಒಂದು ಊರಿನ ಚರ್ಚನ್ನು ಕೊಡಿಸುತ್ತಿದ್ದರು. ಊರಿನ ಬೆಳೆಯಲ್ಲಿ ಹತ್ತನೆಯ ಪಾಲು ಪಾದ್ರಿಗೆ. ಸಾಯುವವರ ಪಾಪನಿವೇದನೆ ಕೇಳಿ ದೇವರ ಕ್ಷಮೆ ಹೇಳುವುದು ಪಾದ್ರಿಯ ಹೊಣೆ. ಇವನಿಗೆ ಒಂದಾದ ಮೇಲೊಂದು ಐದು ಊರು ಸಿಕ್ಕವು. ಒಂದನ್ನೂ ಹೋಗಿ ನೋಡಲಿಲ್ಲ. ತನ್ನ ಬದಲಿಗೆ ಕೂಲಿಯ ಪಾದ್ರಿಗಳನ್ನು ಇಟ್ಟ. ಆಳು ಮಾಡಿದ್ದು ಹಾಳು ಎಂಬ ಮಾತು ಅಲ್ಲಿಯೂ ಸುಳ್ಳಾಗಲಿಲ್ಲ.

ಹಾಗೆಂದು ಅವನೇನು ಕೆಟ್ಟವನಲ್ಲ. ‘ಅರಸರ ಕೆಲಸವೊಂದು ಮುಗಿಯಲಿ, ಹೋಗುತ್ತೇನೆ’ ಎಂದು ಮನಸಾರೆ ಅಂದುಕೊಳ್ಳುತ್ತಿದ್ದ. ಅರಸರ ಕೆಲಸ ಎಂದಾದರೂ ಮುಗಿಯುವುದುಂಟೇ? ತಲೆ ನರೆಯುವ ಹೊತ್ತಿಗೆ ಬಿಷಪ್ ಪದವಿಯೂ ಬಂತು.

ಪದವಿ ಸ್ವೀಕರಿಸಲು ಹೊರಟವನಿಗೆ ದಾರಿಯಲ್ಲಿ ಜ್ವರ ಏರಿತು. ಜೊತೆಯವರು ಅವನನ್ನು ಒಬ್ಬ ವಿಧವೆಯ ಮನೆಯಲ್ಲಿ ಮಲಗಿಸಿದರು. ಇನ್ನು ಉಳಿಯುವುದಿಲ್ಲವೆಂದು ಅವನಿಗೇ ತಿಳಿಯಿತು. ಭಯವಾಯಿತು. ಎಷ್ಟು ದೊಡ್ಡ ಪಾದ್ರಿಯಾದರೂ ತನ್ನ ಪಾಪಕ್ಕೆ ತಾನೇ ಕ್ಷಮೆ ಹೇಳಿಕೊಳ್ಳುವಂತಿಲ್ಲ. ಇನ್ನೊಬ್ಬ ಪಾದ್ರಿಯೇ ಬರಬೇಕು.

“ನಿಮ್ಮ ಊರಿನ ಪಾದ್ರಿಯನ್ನು ಕರೆಸಮ್ಮ” ಎಂದ.

“ಎಲ್ಲಿಂದ ಕರೆಸಲಿ ಸ್ವಾಮಿ? ಅವರು ಅರಸರ ಹತ್ತಿರ ಇದ್ದಾರಂತೆ. ಈ ಊರು ಅವರ ಕೈಗೆ ಹೋಗಿ ಇಪ್ಪತ್ತು ವರ್ಷವಾಯಿತು, ನಾವು ಅವರ ಮುಖವನ್ನೇ ನೋಡಿಲ್ಲ. ಅವರು ಇಟ್ಟಿದ್ದವನೂ ಬಿಟ್ಟುಹೋದ. ನಮ್ಮ ಯಜಮಾನರು ಮೂರು ದಿನ ಬಾಗಿಲು ನೋಡುತ್ತಲೇ ಪ್ರಾಣ ಬಿಟ್ಟರು.”

ಅವನು ಊರಿನ ಹೆಸರು ಕೇಳಿದ. ಅವಳು ಹೇಳಿದಳು. ಅರಸ ಅವನಿಗೆ ಮೊದಲು ಕೊಡಿಸಿದ ಊರು ಅದೇ. ಅವನು ಅವಳಿಗೆ ಕೈಮುಗಿದು ಅತ್ತ. ಆಮೇಲೆ ಅವನೂ ಬಾಗಿಲ ಕಡೆ ನೋಡುತ್ತ ಮಲಗಿದ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

“ಕೊನೆಗೆ ಯಾರಾದರೂ ಬಂದರೇ?” ಎಂದು ಮುರುಘೇಂದ್ರ ಕೇಳಿದ.

“ಹೋದ ಸೋಮವಾರ ನಿನ್ನ ಮಠದ ಎದುರುಮನೆಯಲ್ಲಿ ಒಬ್ಬರು ತೀರಿಕೊಂಡರು, ಯಾರು, ಹೇಳು” ಎಂದರು ಗುರುಗಳು.